ಏಳನೇ ಟೇಕ್

ಸೀಸೆಮಾವ ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಆದರೆ ರೇಡಿಯೋ ನಾಟಕದಲ್ಲಿ ಯಾರಾದರೂ ಕುಡಿದು ಬಂದು ಬಾಗಿಲು ಬಡಿದರೆ, ಮೋರಿಗೆ ಬಿದ್ದರೆ, ಹೆಂಡತಿಯ ಹೆಸರು ಬಿಟ್ಟು ಪಕ್ಕದ ಮನೆಯಾಕೆಯ ಹೆಸರು ಕೂಗಿದರೆ, ಆ ಗಂಟಲು ಅವರದೇ. ಇಪ್ಪತ್ತೆಂಟು ವರ್ಷ ಹೀಗೆ ಮೈಕಿನ ಮುಂದೆ ತೂರಾಡಿದ ಮನುಷ್ಯನ ಹೊಟ್ಟೆಗೆ ಇಳಿದ ಅತಿ ಘಾಟಿನ ದ್ರವ ಅಂದರೆ ಕೆಮ್ಮಿನ ಔಷಧಿ.

ಅವರ ಕುಡುಕರಿಗೆ ಸ್ಟುಡಿಯೋದಲ್ಲಿ ನಂಬರು ಇತ್ತು. ಒಂದನೇ ನಂಬರಿನವನು ಕಿಸಕಿಸ ನಗುವವನು. ಎರಡನೆಯವನು ಸತ್ತ ಅಜ್ಜಿಯನ್ನು ನೆನೆದು ಅಳುವವನು. ಮೂರನೆಯವನು ವೇದಾಂತಿ, ದೀಪದ ಕಂಬದ ಜೊತೆ ವಾದ ಮಾಡಿ ಸೋಲುವವನು. ನಾಲ್ಕನೆಯವನು ಬಿದ್ದಲ್ಲೇ ಗೊರಕೆ ಹೊಡೆಯುವವನು. ಕತೆ ಬರೆಯುವ ಮೇಷ್ಟ್ರು ‘ಕು. ನಾಲ್ಕು, ಬೀಳುತ್ತಾನೆ’ ಎಂದು ಗೀಚಿದರೆ ಸಾಕು, ಸೀಸೆಮಾವ ಕನ್ನಡಕ ತೆಗೆದು ಜೇಬಿಗಿಟ್ಟು ಬೀಳುತ್ತಿದ್ದರು. ಕನ್ನಡಕ ತೆಗೆಯದೆ ಒಂದು ಸಲವೂ ಬಿದ್ದವರಲ್ಲ.

ಆ ಗೊರಕೆಯನ್ನು ಹನ್ನೊಂದು ವರ್ಷದಿಂದ ಹಿಡಿದಿಡುತ್ತಿದ್ದವಳು ಕಿವಿಯಕ್ಕ. ಅವಳ ಕೆಲಸ ಶಬ್ದ. ನೆಲಮಾಳಿಗೆಯ ಆ ಸ್ಟುಡಿಯೋದ ಒಂದು ಮೂಲೆ ಅವಳ ಸಂಸಾರ: ಒಂದು ಮರಳಿನ ತಟ್ಟೆ, ಏಳು ಜೊತೆ ಹಳೇ ಬೂಟು, ಒಂದು ತಗಡಿನ ಬಕೆಟ್ಟು, ಗೋಡೆಯೇ ಇಲ್ಲದೆ ಚೌಕಟ್ಟಿನ ಸಮೇತ ನಿಂತ ಒಂದು ಬಾಗಿಲು. ಆ ಬಾಗಿಲನ್ನು ಅವಳು ಸಾವಿರ ಸಲ ತೆರೆದಿದ್ದಾಳೆ, ಒಂದು ಸಲವೂ ಯಾರೂ ಒಳಗೆ ಬಂದಿಲ್ಲ. ಯಾರಿಗೆ ನೆಗಡಿ ಶುರುವಾಗಲಿದೆ, ಯಾರ ಹಲ್ಲಿನ ಸೆಟ್ಟು ಸಡಿಲವಾಗಿದೆ ಎಂಬುದು ಅವರಿಗಿಂತ ಒಂದು ದಿನ ಮೊದಲೇ ಅವಳಿಗೆ ತಿಳಿಯುತ್ತಿತ್ತು.

ಅವಳಿಗೆ ಕೆಲಸ ಕಲಿಸಿದವರೂ ಸೀಸೆಮಾವನೇ. ಮೊದಲ ವಾರವೇ ಒಂದು ಮಾತು ಹೇಳಿದ್ದರು. "ನೋಡು ತಾಯಿ, ರೇಡಿಯೋದಲ್ಲಿ ಮೂರು ಸೆಕೆಂಡ್ ಸದ್ದಿಲ್ಲ ಅಂದ್ರೆ ಕೇಳೋರು ಪೆಟ್ಟಿಗೆ ಕೆಟ್ಟೋಯ್ತು ಅಂದ್ಕೊಂಡು ಅದರ ತಲೆಗೆ ಒಂದು ಬಿಡ್ತಾರೆ. ನಮಗೆ ಬೀಳಬೇಕಾದ ಏಟು ಪಾಪ ಪೆಟ್ಟಿಗೆಗೆ ಯಾಕೆ? ಅದಕ್ಕೇ ನಾನು ಸಾಯೋ ಪಾತ್ರದಲ್ಲೂ ಸ್ವಲ್ಪ ಕೊಸರಾಡ್ತೀನಿ." ಮಾತಿಗೆ ತಪ್ಪಿದವರಲ್ಲ. ಅವರ ನಾಲ್ಕನೇ ನಂಬರಿನ ಗೊರಕೆ ಗಡಿಯಾರದಂತೆ: ಗೊರ್ರ್ ಎಂದು ಒಳಗೆ, ಸುಂಯ್ ಎಂದು ಹೊರಗೆ, ನಡುವೆ ತುಟಿಯಲ್ಲಿ ಒಂದು ಪುಸಕ್.

ಆರೇಳು ವರ್ಷದ ಹಿಂದೆ ಕಿವಿಯಕ್ಕನೂ ಒಂದು ಮಾತು ಹೇಳಿದ್ದಳು, ತಮಾಷೆಗೆ. "ಮಾವ, ನಿಮ್ಮ ಕುಡುಕರೆಲ್ಲ ತುಂಬಾ ಚೆನ್ನಾಗಿದಾರೆ. ಒಂದೇ ತೊಂದರೆ, ಎಲ್ಲರೂ ಹಲ್ಲುಜ್ಜಿಕೊಂಡು ಬಂದು ಕುಡೀತಾರೆ." ಎಲ್ಲರೂ ನಕ್ಕರು. ಸೀಸೆಮಾವ ಎಲ್ಲರಿಗಿಂತ ಹೆಚ್ಚು ನಕ್ಕು, ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡರು. ನಕ್ಕವರೆಲ್ಲ ಮರೆತರು. ಬರೆದುಕೊಂಡವರು ಮರೆಯಲಿಲ್ಲ.

ಧಾರಾವಾಹಿಯ ಐನೂರನೇ ಕಂತು ಮುಗಿದ ಮಧ್ಯಾಹ್ನ ಹೀರೋ ಒಂದು ಬಾಟಲಿ ವಿಸ್ಕಿ ತಂದ. ಹೀರೋ ಅಂದರೆ ಧ್ವನಿಗೆ ಮಾತ್ರ. ಮೈಕಿನಲ್ಲಿ ಆನೆಯನ್ನು ಹಿಮ್ಮೆಟ್ಟಿಸುವ ಆ ಹುಡುಗ ಎದುರಿಗೆ ಬಂದರೆ ಕೊಡೆಯಷ್ಟೇ ದಪ್ಪ. ಯಜಮಾನರು, ಅಂದರೆ ನಿರ್ದೇಶಕರು, ಬೇಡವೆನ್ನಲಿಲ್ಲ. ಅವರು ಬೇಡ ಅನ್ನುವುದೂ ಅಪರೂಪ, ಸಾಕು ಅನ್ನುವುದಂತೂ ಇಲ್ಲವೇ ಇಲ್ಲ. ಟೇಕ್ ಎಷ್ಟೇ ಚೆನ್ನಾಗಿ ಬರಲಿ, ಗಾಜಿನ ಆಚೆಯಿಂದ ಬೆರಳೆತ್ತಿ "ಇನ್ನೊಂದ್ಸಲ" ಅನ್ನುವುದು ಅವರ ಉಸಿರು. ಅವರ ಮದುವೆಯಲ್ಲಿ ಹಾರ ಹಾಕಿದ ಮೇಲೂ ಇನ್ನೊಂದ್ಸಲ ಅಂದಿದ್ದರೆಂದು ಮೇಷ್ಟ್ರು ಹೇಳುತ್ತಿದ್ದರು.

"ಮಾವ, ಇಪ್ಪತ್ತೆಂಟು ವರ್ಷ ಅದರ ಹೆಸರಲ್ಲಿ ಉಂಡಿದೀರಿ, ಒಂದು ತೊಟ್ಟು ಋಣ ತೀರಿಸಿ," ಎಂದ ಹೀರೋ.

ಸೀಸೆಮಾವ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದರು. ಆಮೇಲೆ ಕಿವಿಯಕ್ಕನ ಕಡೆ ತಿರುಗಿದರು. ಆವತ್ತು ಅವರ ಮೂಗು ಕಟ್ಟಿತ್ತು. ಬೆಳಿಗ್ಗೆ ‘ನಾನು’ ಅಂದದ್ದು ‘ದಾದು’ ಎಂದು ಕೇಳಿದ್ದನ್ನು ಅವಳು ಗಮನಿಸಿದ್ದಳು. "ತಾಯಿ, ಮೈಕು ಹಾಕು. ಇವತ್ತು ಹಲ್ಲುಜ್ಜದ ಕುಡುಕನ್ನ ಕೇಳಿಸ್ತೀನಿ. ಒಂದೊಂದು ಲೋಟಕ್ಕೆ ಒಂದೊಂದು ಟೇಕ್. ಡೈಲಾಗ್ ಒಂದೇ: ನಾನು ಕುಡಿದಿಲ್ಲ ಕಣ್ರೀ."

ಇದು ಶಬ್ದದವರಿಗೆ ಮಾತ್ರ ಹೊಳೆಯುವ ಆಸೆ. ಕಿವಿಯಕ್ಕನ ಕಣ್ಣೂ ಅರಳಿತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಅಸಲಿ ನಾಲಿಗೆ ಹಂತಹಂತವಾಗಿ ದಪ್ಪವಾಗುವುದನ್ನು ಹಿಡಿದಿಟ್ಟರೆ ಹತ್ತು ವರ್ಷಕ್ಕೆ ಸಾಕಾಗುವ ಸರಕು. ಅವಳು ಹೆಡ್‌ಫೋನ್ ಹಾಕಿಕೊಂಡು, ಟೇಕ್ ಪಟ್ಟಿಯ ಹೊಸ ಹಾಳೆ ತೆಗೆದು ಬರೆದಳು: ಒಂದು ಗಂಟೆ ಹತ್ತು ನಿಮಿಷ, ಟೇಕ್ ಒಂದು.

ಮೊದಲ ಟೇಕಿನಲ್ಲಿ ಸೀಸೆಮಾವ ಬರೀ ಕೆಮ್ಮಿದರು. ಎರಡನೆಯದರಲ್ಲಿ "ನಾನು ಕುಡಿದಿಲ್ಲ" ಎಂಬುದು ಶಾಲಾ ಮಕ್ಕಳ ಪ್ರಾರ್ಥನೆಯ ಹಾಗೆ ಸ್ಪಷ್ಟವಾಗಿ ಬಂತು. ಯಜಮಾನರ ಬೆರಳು ಮೇಲೆದ್ದಿತು: ಇನ್ನೊಂದ್ಸಲ. ಮೂರನೆಯದರಲ್ಲಿ ‘ಕುಡಿದಿಲ್ಲ’ದ ಲಕಾರ ಎಡವಿತು. ಮೇಷ್ಟ್ರು ತೊಡೆ ತಟ್ಟಿದರು. ಇನ್ನೊಂದ್ಸಲ. ನಾಲ್ಕನೆಯದರಲ್ಲಿ ಸೀಸೆಮಾವ ಅತ್ತರು, ಆದರೆ ಅಜ್ಜಿಗಾಗಿ ಅಲ್ಲ, ಕಳೆದುಹೋದ ಒಂದು ಕೊಡೆಗಾಗಿ. "ಎರಡನೇ ನಂಬರಲ್ಲಿ ಇದು ಇರಲಿಲ್ಲ," ಎಂದು ಯಜಮಾನರು ಪುಳಕಗೊಂಡರು. ಐದನೆಯದರಲ್ಲಿ ಮಾತು ಮೈಕಿಗೆ ಬೀಳದೆ ಪಕ್ಕಕ್ಕೆ ಬಿತ್ತು. ಆರನೆಯದು ಒಂದು ಗಂಟೆ ನಲವತ್ತೆಂಟಕ್ಕೆ. ಅದರಲ್ಲಿ ‘ನಾನು’ ಎಂಬುದಷ್ಟೇ ಇತ್ತು. ಆಮೇಲೆ ಅವರು ಗೋಡೆ ಹಿಡಿದು ಹಿಡಿದು ಜಮಖಾನೆಯ ಮೇಲೆ ಕುಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು.

"ನಾಲ್ಕನೇ ನಂಬರು. ನೋಡ್ರಿ, ಅವರು ಪಾತ್ರ ಬಿಡಲ್ಲ," ಎಂದರು ಯಜಮಾನರು. "ಕಿವಿ, ಮೈಕು ಕೆಳಗಿಳಿಸು. ಆ ಗೊರಕೆ ಬೇಕು ನನಗೆ."

ಕಿವಿಯಕ್ಕ ಮೈಕನ್ನು ಅವರ ಬಾಯಿಯ ಹತ್ತಿರಕ್ಕೆ ಇಳಿಸಿದಳು. ಟೇಕ್ ಏಳು ಎಂದು ಬರೆದಳು. ಬರೆಯುವಾಗ ಒಂದು ಕಂಡಿತು: ಕನ್ನಡಕ ಮುಖದ ಮೇಲೇ ಇತ್ತು, ಒಂದು ಕಾಲು ಕಿವಿಯಿಂದ ಜಾರಿ ಕೆನ್ನೆಗೆ ಚುಚ್ಚುತ್ತಿತ್ತು. ಅಷ್ಟು ಕುಡಿದವರಿಗೆ ಅದೆಲ್ಲಿ ನೆನಪಿರುತ್ತದೆ ಎಂದುಕೊಂಡು, ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು, ತನ್ನ ಜಾಗಕ್ಕೆ ಬಂದು ಕೂತಳು.

ಮೈಕು ಹತ್ತಿರವಿದ್ದರೆ ಮನುಷ್ಯ ದೊಡ್ಡವನಾಗುತ್ತಾನೆ. ಹೆಡ್‌ಫೋನಿನಲ್ಲಿ ಸೀಸೆಮಾವನ ಉಸಿರು ಗುಹೆಯೊಳಗಿನ ಗಾಳಿಯಂತಿತ್ತು. ಗೊರ್ರ್. ಆ ಶಬ್ದದ ತಳದಲ್ಲಿ ಏನೋ ಒದ್ದೆ ಗುಳುಗುಳು ಅನ್ನುತ್ತಿತ್ತು. ಹೊರಗೆ ಬರಬೇಕಿದ್ದ ಸುಂಯ್ ಬರಲಿಲ್ಲ. ಎದುರಿನ ಪರದೆಯ ಮೇಲೆ ಶಬ್ದದ ಗೆರೆ ನೇರವಾಗಿ ಮಲಗಿತು. ಒಂದು, ಎರಡು, ಮೂರು ಸೆಕೆಂಡ್. ಅವಳ ಕೈ ಅಭ್ಯಾಸದಂತೆ ಕೀಬೋರ್ಡಿನ ಕೀಲಿಗೆ ಹೋಯಿತು; ಮೂರಕ್ಕಿಂತ ಹೆಚ್ಚಿನ ಖಾಲಿಯನ್ನು ಕತ್ತರಿಸುವುದು ಹನ್ನೊಂದು ವರ್ಷದ ರೂಢಿ. ನಾಲ್ಕು. ಐದು. ಆಚೆ ಹೀರೋ ಏನೋ ಹೇಳಿ ಮೇಷ್ಟ್ರು ನಗುತ್ತಿದ್ದರು. ಎಂಟು. ಒಂಬತ್ತು. ಗೆರೆ ಹಾಗೇ ಮಲಗಿತ್ತು. ಹನ್ನೊಂದಕ್ಕೆ ಮತ್ತೆ ಗೊರ್ರ್.

ಅವಳು ಕೀಲಿಯಿಂದ ಬೆರಳು ತೆಗೆದಳು. ಈ ಮನುಷ್ಯ ಸಾಯುವ ಪಾತ್ರದಲ್ಲೂ ಇಷ್ಟು ಹೊತ್ತು ಸುಮ್ಮನಿದ್ದವರಲ್ಲ. ಕೇಳುವವರು ಪೆಟ್ಟಿಗೆಗೆ ಹೊಡೆಯುತ್ತಾರೆ ಎಂದು ಹೆದರಿಯಾದರೂ ತುಟಿಯಲ್ಲಿ ಪುಸಕ್ ಅನ್ನಿಸುತ್ತಿದ್ದರು. ಇಲ್ಲಿ ಪುಸಕ್ ಇಲ್ಲ. ಅಂದರೆ ಇಲ್ಲಿ ಮಾವ ಇಲ್ಲ.

ಅವಳು ಹೆಡ್‌ಫೋನ್ ಕಿತ್ತು ಓಡಿದಳು. "ಮಾವ. ಮಾವ, ಟೇಕ್ ಮುಗೀತು, ಏಳಿ." ಭುಜ ಅಲುಗಾಡಿಸಿದಳು, ಜೋರಾಗಿ ಚಿವುಟಿದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕೈ ಮುಟ್ಟಿದರೆ ಹಿಂಡಿಟ್ಟ ಒರೆಸುಬಟ್ಟೆಯ ಹಾಗೆ ತಣ್ಣಗೆ, ಜಿನುಗು ಜಿನುಗು. ಉಗುರಿನ ಬುಡ ಶಾಯಿ ತಾಗಿದಂತೆ ನೀಲಿ.

"ಆಂಬುಲೆನ್ಸ್‌ಗೆ ಫೋನ್ ಮಾಡಿ," ಎಂದಳು.

ಮೂರೂ ಜನ ಅವಳನ್ನೇ ನೋಡಿದರು. ಯಜಮಾನರು ಸಮಾಧಾನದ ಧ್ವನಿಯಲ್ಲಿ, "ಅಯ್ಯೋ, ಮಲಗಲಿ ಬಿಡಿ, ಬೆಳಗಾದ್ರೆ ತಾನೇ ಸರಿಹೋಗ್ತಾನೆ," ಎಂದರು.

ಆ ಮಾತು ಎಲ್ಲೋ ಕೇಳಿದಂತಿತ್ತು. ಎಲ್ಲೋ ಅಲ್ಲ, ಇಲ್ಲೇ. ನಾಲ್ಕನೇ ನಂಬರು ಬಿದ್ದಾಗಲೆಲ್ಲ ಮೇಷ್ಟ್ರು ಬರೆಯುತ್ತಿದ್ದ ಸಾಲು ಅದು. ಅವಳೇ ನೂರು ಸಲ ಧ್ವನಿಮುದ್ರಿಸಿದ್ದಳು.

"ಬೆಳಗಾಗೋಕೆ ಇನ್ನೂ ಹದಿನಾರು ಗಂಟೆ ಇದೆ ಯಜಮಾನ್ರೇ."

"ತಲೆ ಮೇಲೆ ತಣ್ಣೀರು ಸುರಿದ್ರೆ ಎದ್ದು ಕೂರ್ತಾರೆ," ಎಂದು ಹೀರೋ ಅವಳ ಮೂಲೆಯಿಂದಲೇ ತಗಡಿನ ಬಕೆಟ್ಟು ತಂದ. "ಕೈಕಾಲು ಹಿಡಿದು ನಾಲ್ಕು ಹೆಜ್ಜೆ ನಡೆಸೋಣ. ಕಾಫಿ ಕುಡಿಸೋಣ, ಗಟ್ಟಿಯಾಗಿ."

"ಆ ಬಕೆಟ್ ನೀರಿಗೆ ಎದ್ದು ಕೂತವರೆಲ್ಲ ಮೇಷ್ಟ್ರು ಬರೆದವರು ಕಣಪ್ಪ. ಆ ನೀರು ಸುರಿದೋಳು ನಾನು, ಒದ್ದೆ ಗೋಣಿಚೀಲದ ಮೇಲೆ." ಅವಳು ಬಕೆಟ್ಟಿಗೆ ಅಡ್ಡ ಬಂದಳು. "ಕೆಳಗಿಡು ಅದನ್ನ."

ಮೇಷ್ಟ್ರು ತಮ್ಮ ಸಾಲನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಆಗಲೇ ಮಂಕಾಗಿದ್ದರು. ಆದರೂ ತಗ್ಗಿದ ಸ್ವರದಲ್ಲಿ, "ಒಂದು ಹನಿ ಮುಟ್ಟದ ಮನುಷ್ಯ ಅಂತ ಊರಿಗೆಲ್ಲ ಗೊತ್ತು. ಆಸ್ಪತ್ರೆಗೆ ಹೋದ್ರೆ ಕುಡಿದು ಬಿದ್ದ ಅಂತ ಬರ್ಕೋತಾರೆ. ಎಚ್ಚರ ಆದ ಮೇಲೆ ಅವರಿಗೆ ಮರ್ಯಾದೆ ಪ್ರಶ್ನೆ," ಎಂದರು.

"ಎಚ್ಚರ ಆದ ಮೇಲೆ ಬೈಸ್ಕೊಳ್ಳೋಣ ಮೇಷ್ಟ್ರೇ. ಬೈಯೋಕಾದ್ರೂ ಅವರು ಬೇಕಲ್ಲ."

ಅವಳೇ ಫೋನ್ ಹಚ್ಚಿ, ಏನಾಗಿದೆ, ಎಲ್ಲಿ ಎಂದು ಹೇಳಿದಳು. ಆ ಕಡೆ ಒಬ್ಬ ಹೆಂಗಸಿನ ಧ್ವನಿ. ಒಂದು ಅಕ್ಷರವನ್ನೂ ದಂಡ ಮಾಡದ ಧ್ವನಿ. ಇಂಥವಳೊಬ್ಬಳು ನಾಟಕಕ್ಕೆ ಸಿಗಲಿಲ್ಲವಲ್ಲ ಎಂದು ಅಂಥ ಹೊತ್ತಿನಲ್ಲೂ ಕಿವಿಯಕ್ಕನಿಗೆ ಅನ್ನಿಸಿತು. ಮನಸ್ಸು ಹಾಗೆಯೇ, ಮನೆಗೆ ಬೆಂಕಿ ಬಿದ್ದಾಗಲೂ ಬೆಂಕಿಯ ಸದ್ದು ಕೇಳುತ್ತದೆ.

"ಅಲುಗಾಡಿಸಿದರೆ ಏಳ್ತಾರಾ?"

"ಇಲ್ಲ."

"ಉಸಿರು?"

"ಇದೆ. ನಡುವೆ ಹನ್ನೊಂದು ಸೆಕೆಂಡ್ ನಿಲ್ತು. ಹನ್ನೊಂದು, ಅಂದಾಜಲ್ಲ."

"ಹತ್ತು ದಾಟಿದರೆ ಅಪಾಯ. ಗಾಡಿ ಹೊರಟಿದೆ. ಅಂಗಾತ ಬಿಡಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಿಸಿ ಮುಂದಕ್ಕೆ ಊರಿ, ತಲೆ ಸ್ವಲ್ಪ ಹಿಂದಕ್ಕಿರಲಿ, ಬಾಯಿ ನೆಲದ ಕಡೆ. ಏನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ, ತಣ್ಣೀರು ಹಾಕಬೇಡಿ. ಬೆಚ್ಚಗೆ ಹೊದಿಸಿ. ಒಬ್ಬರು ಪಕ್ಕದಲ್ಲೇ ಕೂತಿರಬೇಕು, ಒಂದು ನಿಮಿಷವೂ ಬಿಡಬಾರದು. ಉಸಿರು ನಿಂತೇ ಹೋದರೆ ತಕ್ಷಣ ಹೇಳಿ, ಫೋನ್ ಇಡಬೇಡಿ."

ಹೀರೋ ಬಕೆಟ್ಟು ಕೆಳಗಿಟ್ಟು ಭುಜ ಹಿಡಿದ, ಮೇಷ್ಟ್ರು ಕಾಲು. ಎಣಿಸಿದ್ದಕ್ಕಿಂತ ಹಗುರವಾಗಿದ್ದರು ಸೀಸೆಮಾವ. ಮಗ್ಗುಲಾಗಿಸಿ ಮೂರು ಉಸಿರಾಗಿರಬಹುದು, ಅವರ ಬಾಯಿಂದ ಬುಳಕ್ಕೆಂದು ವಾಂತಿ ಜಮಖಾನೆಯ ಮೇಲೆ ಹರಿಯಿತು. ಈ ಮನುಷ್ಯ ಇನ್ನೂ ಅಂಗಾತ ಮಲಗಿದ್ದರೆ ಅದು ಎಲ್ಲಿಗೆ ಇಳಿಯುತ್ತಿತ್ತು ಎಂಬುದು ನಾಲ್ವರಿಗೂ ಒಟ್ಟಿಗೆ ಹೊಳೆದಿತ್ತು. ಯಜಮಾನರು ತಮ್ಮ ಕೋಟು ಬಿಚ್ಚಿ ಹೊದಿಸಿದರು. ಆಮೇಲೆ ಏನು ಮಾಡಬೇಕೆಂದು ತೋಚದೆ, ತಮ್ಮ ಕರವಸ್ತ್ರದಲ್ಲೇ ಅವರ ಬಾಯಿ ಒರೆಸಿದರು.

"ಎಷ್ಟು ಕುಡಿದಿದ್ದಾರೆ, ಯಾವಾಗ?" ಎಂದಿತು ಫೋನು.

ಕಿವಿಯಕ್ಕ ಟೇಕ್ ಪಟ್ಟಿ ತರಿಸಿ ಓದತೊಡಗಿದಳು. "ಒಂದು ಹತ್ತಕ್ಕೆ ಮೊದಲನೇ ಲೋಟ. ಒಂದು ಹದಿನೇಳಕ್ಕೆ ಎರಡನೇದು. ಇಪ್ಪತ್ತೈದಕ್ಕೆ ಮೂರು. ಮೂವತ್ತೆರಡು. ನಲವತ್ತು. ನಲವತ್ತೆಂಟಕ್ಕೆ ಆರು. ಬಾಟಲಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಕುಡಿದದ್ದು ಅವರೊಬ್ಬರೇ."

ಆ ಧ್ವನಿ ಮೊದಲ ಸಲ ತಡವರಿಸಿತು. "ಇಷ್ಟು ಕರಾರುವಾಕ್ಕಾಗಿ ಯಾರು ಬರ್ಕೊಂಡ್ರು?"

"ನಾನೇ," ಎಂದಳು ಕಿವಿಯಕ್ಕ.

"ಬೇರೆ ಯಾವುದಾದರೂ ಮಾತ್ರೆ?"

ಬೆಳಗಿನ ‘ದಾದು’ ನೆನಪಾಯಿತು. ಅಂಗಿಯ ಜೇಬಿಗೆ ಕೈ ಹಾಕಿದಳು: ಸಣ್ಣ ನೋಟ್‌ಬುಕ್, ಪೆನ್ಸಿಲ್ ತುಂಡು, ನೆಗಡಿ ಮಾತ್ರೆಯ ಹಾಳೆ. ಹಾಳೆಯಲ್ಲಿ ಎರಡು ಗುಳಿ ಖಾಲಿ. ಹೆಸರು ಓದಿ ಹೇಳಿದಳು. "ನಿದ್ದೆ ಬರಿಸೋ ಮಾತ್ರೆ ಅದು. ಹಾಳೆ ಕೈಯಲ್ಲಿಟ್ಟುಕೊಳ್ಳಿ, ಬಂದವರಿಗೆ ಕೊಡಿ," ಎಂದಿತು ಧ್ವನಿ.

ಗಾಡಿ ಬರಲು ಹದಿಮೂರು ನಿಮಿಷ. ಅಷ್ಟು ಹೊತ್ತೂ ಅವಳು ನೆಲದ ಮೇಲೆ ಕೂತು ಅವರ ಮೂಗಿನ ಬಳಿ ಕಿವಿಯಿಟ್ಟಿದ್ದಳು. ಪ್ರತಿ ಗೊರ್ರ್ ಆದ ಮೇಲೂ ಎಣಿಕೆ. ಏಳು. ಒಂಬತ್ತು. ಹನ್ನೆರಡು. ಬದುಕಿಡೀ ಖಾಲಿ ಜಾಗಗಳನ್ನು ಕತ್ತರಿಸಿ ಎಸೆದವಳಿಗೆ ಅವು ಒಳಗಿನಿಂದ ಎಷ್ಟು ಉದ್ದ ಎಂದು ಗೊತ್ತಿರಲಿಲ್ಲ.

ಆಂಬುಲೆನ್ಸ್‌ನಲ್ಲಿ ಆಮ್ಲಜನಕದ ಮುಖವಾಡ ಹಾಕಿದ ಮೇಲೆ ಅವಳು ಅತ್ತೆಗೆ, ಅಂದರೆ ಸೀಸೆಮಾವನ ಹೆಂಡತಿಗೆ, ಫೋನ್ ಮಾಡಿದಳು.

"ಕುಡಿದಿದಾರಾ?" ಅತ್ತೆ ನಕ್ಕರು. "ನಿಮ್ಮ ಮಾವನಿಗೆ ಹೇಳಮ್ಮ, ಮನೆಯೋರ ಹತ್ರ ಈ ಆಟ ನಡೆಯಲ್ಲ. ಊಟಕ್ಕೆ ಬರಲಿ, ಎಲ್ಲ ಆರಿಹೋಗ್ತಿದೆ."

"ಅತ್ತೆ, ಇದು ಆಟ ಅಲ್ಲ."

ಆ ಕಡೆ ಮೌನ. ಕಿವಿಯಕ್ಕ ಅದನ್ನೂ ಎಣಿಸಿದಳು, ಬೇಡವೆಂದರೂ. ಆರು ಸೆಕೆಂಡ್. ಆಮೇಲೆ ಚಪ್ಪಲಿ ಹುಡುಕುವ ಸದ್ದು, ಬೀಗದ ಸದ್ದು. "ಯಾವ ಆಸ್ಪತ್ರೆ?" ಎಂದಷ್ಟೇ ಕೇಳಿದರು ಅತ್ತೆ.

ಎರಡು ದಿನ ಗಂಟಲಿಗೆ ಕೊಳವೆ, ಯಂತ್ರದ ಉಸಿರು. ವೈದ್ಯೆ ಟೇಕ್ ಪಟ್ಟಿಯನ್ನು ಎರಡು ಸಲ ಓದಿ, ರೋಗಿಯ ಕಡತಕ್ಕೇ ಸಿಕ್ಕಿಸಿದರು. "ಕೊನೆಯ ಎರಡು ಲೋಟ ಅವರು ಬಿದ್ದ ಮೇಲೆ ರಕ್ತಕ್ಕೆ ಇಳಿದಿವೆ," ಎಂದರು. "ಕುಡಿಯೋದು ನಿಂತ್ರೂ ಏರೋದು ನಿಲ್ಲಲ್ಲ. ಮಲಗಿದ್ದಾರಲ್ಲ ಅಂತ ಎಲ್ಲರೂ ನೆಮ್ಮದಿಯಾಗಿರ್ತಾರೆ, ಒಳಗೆ ಅದು ಇನ್ನೂ ಮೆಟ್ಟಿಲು ಹತ್ತುತ್ತಾ ಇರುತ್ತೆ." ಬಾಗಿಲ ಬಳಿ ನಿಂತಿದ್ದ ಯಜಮಾನರು ತಮ್ಮ ಬಲಗೈ ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡಿದ್ದರು.

ಮೂರನೇ ದಿನ ಕೊಳವೆ ತೆಗೆದರು. ಗಂಟಲು ಹರಿದ ಚಾಪೆಯಂತಾಗಿತ್ತು. ಕಿವಿಯಕ್ಕ ಹಾಸಿಗೆಯ ಪಕ್ಕ ಕೂತು, ಹೇಳಲೇಬೇಕಿದ್ದುದನ್ನು ಹೇಳಿದಳು. "ಮಾವ, ಹಲ್ಲುಜ್ಜೋ ಮಾತು ನಾನು ಸುಮ್ಮನೆ ಆಡಿದ್ದು."

"ಸುಮ್ಮನೆ ಆಡಿದ್ರೂ ನಿಜಾನೇ," ಎಂದು ಪಿಸುಗುಟ್ಟಿದರು. "ನನ್ನ ಕುಡುಕ ಹಲ್ಲುಜ್ಜಿದೋನೇ. ಅದಕ್ಕೇ ನೋಡು, ಇಪ್ಪತ್ತೆಂಟು ವರ್ಷ ಕುಡಿದ್ರೂ ಏನೂ ಆಗಿರಲಿಲ್ಲ." ಅತ್ತೆ ಆ ಕಡೆಯಿಂದ, "ಗಂಟಲು ಹೋದ್ರೂ ಕೊಬ್ಬು ಹೋಗಿಲ್ಲ," ಎಂದು ನೀರಿನ ಲೋಟ ಮುಂದಿಟ್ಟರು. ಲೋಟ ಕಂಡು ಸೀಸೆಮಾವ ಒಂದು ಕ್ಷಣ ಹಿಂಜರಿದರು.

ಎರಡು ತಿಂಗಳ ಮೇಲೆ ಅವರು ಸ್ಟುಡಿಯೋಗೆ ಬಂದರು. ಬಂದವರೇ, "ಆ ಏಳನೇದು ಇದೆಯಾ?" ಎಂದರು. ಇತ್ತು. ಅಳಿಸಲು ಅವಳಿಗೆ ಕೈ ಬಂದಿರಲಿಲ್ಲ, ಕೇಳಲು ಕಿವಿಯೂ. ಸೀಸೆಮಾವ ಹೆಡ್‌ಫೋನ್ ಹಾಕಿಕೊಂಡು, ಕನ್ನಡಕ ತೆಗೆದು, ಕಣ್ಣು ಮುಚ್ಚಿ ಕೇಳಿದರು. ಟೇಕ್ ಎಲ್ಲಿಯವರೆಗೆ ಬಂತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಖಾಲಿ ಜಾಗ ಬಂದಾಗ ತಾವೂ ಉಸಿರು ಹಿಡಿದರು, ಹನ್ನೊಂದು ತುಂಬುವ ಮೊದಲೇ ಬಿಟ್ಟುಬಿಟ್ಟರು.

"ಇದು ನಡೆಯಲ್ಲ ತಾಯಿ," ಎಂದರು, ಹೆಡ್‌ಫೋನ್ ಕೆಳಗಿಟ್ಟು. "ಕುಡುಕ ಎಲ್ಲಿದಾನೆ ಇದರಲ್ಲಿ? ಯಾರೋ ಹೊರಟು ನಿಂತಿದಾರೆ."

ಆವತ್ತಿನ ಸ್ಕ್ರಿಪ್ಟಿನಲ್ಲಿ ಕು. ನಾಲ್ಕು ಇತ್ತು. ಮೇಷ್ಟ್ರು ಹಿಂದಿನ ವಾರವೇ ಬರೆದಿದ್ದರು: ಬೀಳುತ್ತಾನೆ, ಗೊರಕೆ. ಅದರ ಕೆಳಗೆ ಹೀರೋ ಹೇಳಬೇಕಾದ ‘ಮಲಗಲಿ ಬಿಡಿ’ ಎಂಬ ಹಳೆಯ ಸಾಲು ಇತ್ತು. ಅದರ ಮೇಲೆ ಗೀಟು ಎಳೆದು, ಬೇರೆ ಬರೆದು, ಅದನ್ನೂ ಹೊಡೆದು, ಮತ್ತೆ ಬರೆದಿದ್ದರು. ಹಾಳೆ ಕೊಡುವಾಗ ಸೀಸೆಮಾವನ ಮುಖ ನೋಡಲಿಲ್ಲ.

ಸೀಸೆಮಾವ ಬಿದ್ದರು, ಗೊರ್ರ್, ಸುಂಯ್, ಪುಸಕ್. ಗಂಟಲು ಇನ್ನೂ ಒರಟು. ಮೂರು ಸೆಕೆಂಡಿನ ಒಳಗೇ ಎಲ್ಲ. ಹೀರೋ ಹೊಸ ಸಾಲು ಹೇಳಿದ: "ಅಂಗಾತ ಬಿಡಬೇಡಿ, ಮಗ್ಗುಲಿಗೆ ಹೊರಳಿಸಿ. ಫೋನ್ ಮಾಡಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ." ಆನೆ ಹಿಮ್ಮೆಟ್ಟಿಸುವ ಧ್ವನಿಯಲ್ಲ, ಅವನದೇ ಧ್ವನಿ, ಕೊಡೆಯಷ್ಟು ದಪ್ಪದ್ದು.

ಅಲ್ಲಿ ಒಂದು ಸದ್ದು ಬೇಕಿತ್ತು. ಕಿವಿಯಕ್ಕ ಮೂಲೆಯಿಂದ ಮರದ ಕುರ್ಚಿ ತಂದು, ನೆಲದ ಮೇಲೆ ಎಳೆದು, ಬಿದ್ದವರ ಪಕ್ಕದಲ್ಲಿಟ್ಟು ಕೂತಳು. ಕುರ್ಚಿ ಕಿರ್ ಎಂದಿತು.

ಗಾಜಿನ ಆಚೆ ಯಜಮಾನರ ಬೆರಳು ಅರ್ಧಕ್ಕೆ ಎದ್ದಿತು. ಅವರು ಅದನ್ನೇ ಒಂದು ಗಳಿಗೆ ನೋಡಿ, ಮಡಿಸಿ ಮೇಜಿನ ಕೆಳಗೆ ಇಳಿಸಿದರು. ಕಿವಿಯಕ್ಕ ಕುರ್ಚಿಯಿಂದ ಏಳಲಿಲ್ಲ. ಕೆಳಗೆ ಜಮಖಾನೆಯ ಮೇಲೆ ಸೀಸೆಮಾವ ಒಂದು ಕಣ್ಣು ತೆರೆದು, "ಮುಗೀತಾ?" ಎಂದರು.

"ನೀವು ಉಸಿರಾಡ್ತಾ ಇರಿ ಮಾವ," ಎಂದಳು. "ನಾನು ಹೇಳ್ತೀನಿ."